ಮೊದಲ ರೋಗಿ ಸೇರುವ ಮುನ್ನ: ಕ್ಲಿನಿಕಲ್ ಅಧ್ಯಯನವನ್ನು ಗಟ್ಟಿಯಾಗಿ ಕಟ್ಟುವ ಬಗೆ

ಕ್ಲಿನಿಕಲ್ ಅಧ್ಯಯನ ಕೆಡುವುದು ಹೆಚ್ಚಾಗಿ ಕೊನೆಯ ಲೆಕ್ಕಾಚಾರದಲ್ಲಲ್ಲ, ಮೊದಲ ರೋಗಿ ಸೇರುವುದಕ್ಕೂ ಮುಂಚೆ. ಪ್ರಶ್ನೆ ಸಡಿಲವಾಗಿದ್ದರೆ, ಗುಂಪು ಹಂಚುವಲ್ಲಿ ಸಂದು ಉಳಿದಿದ್ದರೆ, ಅಳತೆ ಕೈಯಿಂದ ಕೈಗೆ ಬದಲಾಗುತ್ತಿದ್ದರೆ, ಆಮೇಲೆ ಎಂಥ ಸಂಖ್ಯಾಶಾಸ್ತ್ರಜ್ಞರು ಬಂದರೂ ಅದನ್ನು ಎತ್ತಿ ನಿಲ್ಲಿಸಲಾರರು. ಅದಕ್ಕಾಗಿ ರೋಗಿಗಳು ಕೊಟ್ಟ ಸಮಯ ಮತ್ತು ನಂಬಿಕೆ ಎರಡೂ ವ್ಯರ್ಥವಾಗುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳು, ದಂತವೈದ್ಯರು, ಫಿಸಿಯೋಥೆರಪಿಸ್ಟ್‌ಗಳು, ನರ್ಸ್‌ಗಳು ಮೊದಲ ಸಲ ಅಧ್ಯಯನಕ್ಕೆ ಕೈ ಹಾಕುವಾಗ ಯಾವ ಕ್ರಮದಲ್ಲಿ ನಡೆಯಬೇಕು, ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಮೊಣಕಾಲು ನೋವಿಗೆ ವ್ಯಾಯಾಮ ಒಳ್ಳೆಯದೇ?" ಎಂಬುದು ಮಾತುಕತೆಗೆ ಸಾಕು, ಅಧ್ಯಯನಕ್ಕೆ ಸಾಲದು. ಯಾರಲ್ಲಿ, ಏನು ಕೊಟ್ಟು, ಯಾವುದಕ್ಕೆ ಹೋಲಿಸಿ, ಏನನ್ನು, ಎಷ್ಟು ದಿನಕ್ಕೆ ಅಳೆಯುತ್ತೀರಿ ಎಂಬ ಐದೂ ಒಂದೇ ವಾಕ್ಯದಲ್ಲಿ ಬರಬೇಕು. ಹೀಗೆ: 50 ವರ್ಷ ದಾಟಿದ, ಎಕ್ಸ್‌ರೇಯಲ್ಲಿ ಕೀಲು ಸವೆತ ಖಚಿತವಾದ ರೋಗಿಗಳಿಗೆ ವಾರಕ್ಕೆ ಮೂರು ಸಲ ತೊಡೆಯ ಸ್ನಾಯುವಿನ ವ್ಯಾಯಾಮ ಮಾಡಿಸಿದರೆ, ಬರೀ ತಿಳಿವಳಿಕೆ ಪಡೆದವರಿಗಿಂತ ಅವರ ನಡೆಯುವಾಗಿನ ನೋವು 12ನೇ ವಾರದ ಕೊನೆಗೆ 0–10ರ ಅಳತೆಯಲ್ಲಿ ಕಡಿಮೆ ಇರುತ್ತದೆಯೇ? ಈ ವಾಕ್ಯ ಕೈಯಲ್ಲಿದ್ದರೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು, ಯಾವ ಫಾರ್ಮ್ ಬೇಕು ಎಂಬುದರಲ್ಲಿ ಅರ್ಧ ಆಗಲೇ ತೀರ್ಮಾನವಾಗಿರುತ್ತದೆ.

ಮುಖ್ಯ ಫಲಿತಾಂಶ ಒಂದೇ ಇರಲಿ. ನೋವು, ನಡಿಗೆಯ ವೇಗ, ನಿದ್ದೆ, ಮಾತ್ರೆಯ ಬಳಕೆ ಎಲ್ಲವನ್ನೂ ಅಳೆಯಿರಿ, ತೊಂದರೆಯಿಲ್ಲ. ಆದರೆ ಗೆದ್ದಿತೋ ಸೋತಿತೋ ಎಂದು ಯಾವುದನ್ನು ನೋಡಿ ಹೇಳುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ.

ಆ ಫಲಿತಾಂಶ ರೋಗಿಗೆ ಬೇಕಾದದ್ದಾಗಿರಬೇಕು. ಹೃದ್ರೋಗದ ಕ್ಷೇತ್ರ ಈ ಪಾಠವನ್ನು ಬಹಳ ದುಬಾರಿಯಾಗಿ ಕಲಿಯಿತು. ಹೃದಯಾಘಾತವಾದವರಲ್ಲಿ ಲಯ ತಪ್ಪಿದ ಬಡಿತಗಳು ಹೆಚ್ಚಿದ್ದರೆ ಸಾವಿನ ಅಪಾಯವೂ ಹೆಚ್ಚು ಎಂದು ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ಬಡಿತಗಳನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಆದ್ದರಿಂದ ಜೀವವನ್ನೂ ಉಳಿಸುತ್ತವೆ ಎಂದು ವೈದ್ಯರು ನಂಬಿದ್ದರು. ಕಾಸ್ಟ್ ಎಂಬ ಟ್ರಯಲ್‌ನಲ್ಲಿ (ರೋಗಿಗಳಲ್ಲಿ ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಪ್ರಯೋಗ) ಸಾವುಗಳನ್ನೇ ಎಣಿಸಿದಾಗ, ಪ್ಲಸಿಬೊ, ಅಂದರೆ ಔಷಧವಿಲ್ಲದ ಸಪ್ಪೆ ಮಾತ್ರೆ, ಪಡೆದವರಿಗಿಂತ ಔಷಧ ಪಡೆದವರೇ ಹೆಚ್ಚು ಸತ್ತಿದ್ದರು. ಆ ವರದಿ 1989ರಲ್ಲಿ ಬಂತು. ಮಧುಮೇಹದಲ್ಲೂ ಇಂಥದೇ ಆಯಿತು. 10,251 ಮಂದಿಯ ಅಕಾರ್ಡ್ ಟ್ರಯಲ್‌ನಲ್ಲಿ ಎಚ್‌ಬಿಎ1ಸಿಯನ್ನು (ಕಳೆದ ಕೆಲವು ತಿಂಗಳ ಸರಾಸರಿ ರಕ್ತಸಕ್ಕರೆ ತೋರಿಸುವ ಅಳತೆ) ಶೇ. 6ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ 257 ಸಾವು, ಸಾಮಾನ್ಯ ಗುರಿಯ ಗುಂಪಿನಲ್ಲಿ 203. 2008ರಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಲ್ಯಾಬ್ ವರದಿಯ ಅಂಕಿ ಸುಧಾರಿಸಿತು ಎಂದ ಮಾತ್ರಕ್ಕೆ ರೋಗಿ ಸುಧಾರಿಸಿದ ಎಂದಲ್ಲ. ಸಣ್ಣ ಅಧ್ಯಯನದಲ್ಲಿ ಸಾವು, ಸ್ಟ್ರೋಕ್‌ಗಳನ್ನು ಎಣಿಸುವುದು ಆಗದ ಮಾತು ನಿಜ. ಹಾಗಿದ್ದರೆ ನೀವು ಅಳೆದದ್ದು ಬರೀ ಲ್ಯಾಬ್ ಅಂಕಿ ಎಂದು ಶೀರ್ಷಿಕೆಯಲ್ಲೇ ಹೇಳಿ.

ಪ್ರಶ್ನೆಗೆ ತಕ್ಕ ವಿನ್ಯಾಸ

ಚಿಕಿತ್ಸೆ ಕೆಲಸ ಮಾಡುತ್ತದೆಯೇ ಎಂದು ಕೇಳುವುದಾದರೆ ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾರೂ ಆರಿಸದೆ ಚೀಟಿ ಎತ್ತಿದಂತೆ, ಗುಂಪಿಗೆ ಹಂಚಿದ ಟ್ರಯಲ್ ಬೇಕು. ಅಪರೂಪದ ಕಾಯಿಲೆಯ ಕಾರಣ ಹುಡುಕುವುದಾದರೆ ರೋಗ ಇರುವವರನ್ನು ಇಲ್ಲದವರೊಂದಿಗೆ ಹೋಲಿಸುವ ಕೇಸ್-ಕಂಟ್ರೋಲ್ ಅಧ್ಯಯನ. ರೋಗ ಮುಂದೆ ಹೇಗೆ ಸಾಗುತ್ತದೆ ಎಂದು ತಿಳಿಯಬೇಕಿದ್ದರೆ ಒಂದು ತಂಡವನ್ನು ಕಾಲಾಂತರದಲ್ಲಿ ಹಿಂಬಾಲಿಸುವ ಕೊಹಾರ್ಟ್.

ಹೊಸ ಪರೀಕ್ಷೆಯೊಂದು ಎಷ್ಟು ನಿಖರ ಎಂದು ನೋಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ತೀವ್ರ ರೋಗಿಗಳನ್ನು ಒಂದು ಕಡೆ, ಪೂರ್ಣ ಆರೋಗ್ಯವಂತ ಸಿಬ್ಬಂದಿಯನ್ನು ಇನ್ನೊಂದು ಕಡೆ ಇಟ್ಟು ಪರೀಕ್ಷಿಸಿದರೆ ಯಾವ ಪರೀಕ್ಷೆಯೂ ಅದ್ಭುತವಾಗಿಯೇ ಕಾಣುತ್ತದೆ. ನಿಜವಾದ ಕಷ್ಟ ಇರುವುದು "ಇರಬಹುದು, ಇಲ್ಲದಿರಬಹುದು" ಎನ್ನುವ ರೋಗಿಯಲ್ಲಿ. ಆದ್ದರಿಂದ ಅನುಮಾನದ ಮೇಲೆ ಬಂದವರನ್ನೆಲ್ಲ ಸಾಲಾಗಿ ಸೇರಿಸಿಕೊಳ್ಳಿ. ಹೊಸ ಪರೀಕ್ಷೆ ನೆಗೆಟಿವ್ ಬಂದವರಿಗೂ ಖಚಿತ ಪರೀಕ್ಷೆಯನ್ನು ಮಾಡಿಸಿ. ಇನ್ನು ಫಲಿತಾಂಶವನ್ನು ಎಲ್ಲಿ ಬಳಸುತ್ತೀರಿ ಎಂಬುದೂ ಮುಖ್ಯ. ರೋಗ ಇರುವವರಲ್ಲಿ ಶೇ. 90ರಷ್ಟನ್ನು ಹಿಡಿಯುವ, ಇಲ್ಲದವರಲ್ಲಿ ಶೇ. 90ರಷ್ಟನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆ ಇದೆ ಎನ್ನೋಣ. ನೂರಕ್ಕೆ ಒಬ್ಬರಿಗೆ ರೋಗವಿರುವ 1,000 ಜನರಲ್ಲಿ ಅದನ್ನು ಮಾಡಿದರೆ, ರೋಗವಿರುವ 10 ಮಂದಿಯಲ್ಲಿ 9 ಮಂದಿ ಪಾಸಿಟಿವ್, ರೋಗವಿಲ್ಲದ 990 ಮಂದಿಯಲ್ಲಿ 99 ಮಂದಿ ಪಾಸಿಟಿವ್. ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 9 ಮಾತ್ರ. ಅದೇ ಪರೀಕ್ಷೆ, ಅರ್ಧದಷ್ಟು ಜನರಿಗೆ ರೋಗವಿರುವ ತಜ್ಞರ ಕ್ಲಿನಿಕ್‌ನಲ್ಲಿ ಪಾಸಿಟಿವ್ ಎಂದಾಗ ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳುತ್ತದೆ.

ಎಷ್ಟು ಜನ ಬೇಕು

"30–30 ಸಾಕು" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಸಂಖ್ಯೆ ಬರಬೇಕಾದದ್ದು ಮೂರು ವಿಷಯದಿಂದ: ಹೋಲಿಕೆಯ ಗುಂಪಿನಲ್ಲಿ ಏನು ನಿರೀಕ್ಷೆ, ಎಷ್ಟು ವ್ಯತ್ಯಾಸ ಕಂಡರೆ ನಿಮ್ಮ ಚಿಕಿತ್ಸಾಕ್ರಮ ಬದಲಾಗುತ್ತದೆ, ಎಷ್ಟು ತಪ್ಪನ್ನು ಒಪ್ಪುತ್ತೀರಿ. ರೂಢಿಯಲ್ಲಿ ತಪ್ಪಾಗಿ ವ್ಯತ್ಯಾಸ ಕಾಣುವ ಸಾಧ್ಯತೆಯನ್ನು ಶೇ. 5ಕ್ಕೆ, ನಿಜವಾದ ವ್ಯತ್ಯಾಸವನ್ನು ಹಿಡಿಯುವ ಪವರ್ ಅನ್ನು ಶೇ. 80 ಅಥವಾ 90ಕ್ಕೆ ಇಡುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರದ ಗಾಯದ ಸೋಂಕನ್ನು ಶೇ. 20ರಿಂದ 10ಕ್ಕೆ ಇಳಿಸಬೇಕು ಎನ್ನೋಣ. ಪ್ರತಿ ಗುಂಪಿನ ಪ್ರಮಾಣವನ್ನು ಅದರ ಉಳಿಕೆಯಿಂದ ಗುಣಿಸಿ: 0.2 ಗುಣಿಸು 0.8 ಅಂದರೆ 0.16, 0.1 ಗುಣಿಸು 0.9 ಅಂದರೆ 0.09. ಎರಡನ್ನೂ ಕೂಡಿದರೆ 0.25. ಇದನ್ನು ವ್ಯತ್ಯಾಸದ ವರ್ಗದಿಂದ, ಅಂದರೆ 0.01ರಿಂದ ಭಾಗಿಸಿದರೆ 25. ಶೇ. 5ರ ತಪ್ಪು, ಶೇ. 80 ಪವರ್‌ಗೆ ನಿಗದಿಯಾದ ಅಂಕಿ 7.84ರಿಂದ ಗುಣಿಸಿ: ಪ್ರತಿ ಗುಂಪಿಗೆ 196. ಶೇ. 90 ಪವರ್ ಬೇಕೆಂದರೆ 10.5ರಿಂದ ಗುಣಿಸಿ: 263. ಹತ್ತರಲ್ಲಿ ಒಬ್ಬರು ಫಾಲೋ-ಅಪ್‌ಗೆ ಬರುವುದಿಲ್ಲ ಎಂದಾದರೆ 196ನ್ನು 0.9ರಿಂದ ಭಾಗಿಸಿ 218 ಮಾಡಿಕೊಳ್ಳಿ. ಇಲ್ಲಿ ಹಲವರು 196ಕ್ಕೆ ಶೇ. 10 ಸೇರಿಸಿ 216 ಎನ್ನುತ್ತಾರೆ, ಭಾಗಿಸುವುದೇ ಸರಿ.

ಈಗ ಗುರಿಯನ್ನು ತುಸು ಸಣ್ಣದು ಮಾಡಿ ನೋಡಿ. ಶೇ. 20ರಿಂದ 15ಕ್ಕೆ ಇಳಿಸಿದರೆ ಸಾಕು ಎಂದರೆ ಪ್ರತಿ ಗುಂಪಿಗೆ 902 ಜನ ಬೇಕು. ವ್ಯತ್ಯಾಸ ಅರ್ಧವಾದರೆ ಸಂಖ್ಯೆ ನಾಲ್ಕು ಪಟ್ಟು ದಾಟುತ್ತದೆ. ಈ ಲೆಕ್ಕ ಕಂಡು ಗಾಬರಿಯಾಗಿ "ನಮ್ಮ ಔಷಧ ಸೋಂಕನ್ನು ಮೂರನೇ ಒಂದಕ್ಕೆ ಇಳಿಸುತ್ತದೆ" ಎಂದು ಊಹೆಯನ್ನೇ ಉಬ್ಬಿಸುವವರಿದ್ದಾರೆ. ಹಾಗೆ ಮಾಡಬೇಡಿ. ಜನ ಸಿಗದಿದ್ದರೆ ಇನ್ನೊಂದು ಕೇಂದ್ರವನ್ನು ಜೊತೆಗೆ ತೆಗೆದುಕೊಳ್ಳಿ, ಇಲ್ಲವೇ ಪ್ರಶ್ನೆ ಬದಲಿಸಿ.

ನೋವಿನ ಅಂಕ, ರಕ್ತದೊತ್ತಡದಂಥ ಸರಾಸರಿಗಳಿಗೆ ಸುಲಭ ಸೂತ್ರವಿದೆ. ನಿರೀಕ್ಷಿತ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಂಕಿ) ಭಾಗಿಸಿ, ವರ್ಗ ಮಾಡಿ, 16ನ್ನು ಅದರಿಂದ ಭಾಗಿಸಿ. ವ್ಯತ್ಯಾಸ 1.5, ಡೀವಿಯೇಶನ್ 2.5 ಆದರೆ ಗುಂಪಿಗೆ 45. ವ್ಯತ್ಯಾಸ 1 ಆದರೆ 100. ಇದು ಶೇ. 80 ಪವರ್‌ನ ಅಂದಾಜು. ಅಂತಿಮ ಸಂಖ್ಯೆಯನ್ನು ಸಂಖ್ಯಾಶಾಸ್ತ್ರಜ್ಞರ ಮುಂದಿಟ್ಟು ಖಚಿತ ಮಾಡಿಕೊಳ್ಳಿ.

ರೋಗಿಗಳ ಬದಲು ವಾರ್ಡ್‌ಗಳನ್ನೋ ಶಾಲೆಗಳನ್ನೋ ಹಂಚುವುದಾದರೆ ಸಂಖ್ಯೆ ಇನ್ನೂ ಏರುತ್ತದೆ. ಒಂದೇ ವಾರ್ಡ್‌ನವರು ಒಬ್ಬರಿಗೊಬ್ಬರು ಹೋಲುತ್ತಾರೆ ಎಂಬುದೇ ಕಾರಣ. ವಾರ್ಡ್‌ಗೆ 20 ಜನ, ಅವರೊಳಗಿನ ಹೋಲಿಕೆಯ ಅಂಕ 0.05 ಎಂದರೆ 19ನ್ನು 0.05ರಿಂದ ಗುಣಿಸಿ 1 ಕೂಡಿಸಿ: 1.95. ಬೇಕಾದ ಜನ ಹತ್ತಿರಹತ್ತಿರ ಇಮ್ಮಡಿ. ದಂತ ಮತ್ತು ನೇತ್ರ ವಿಭಾಗದವರು ಇದೇ ತಪ್ಪನ್ನು ಬೇರೆ ರೂಪದಲ್ಲಿ ಮಾಡುತ್ತಾರೆ. 15 ರೋಗಿಗಳ 60 ಹಲ್ಲು ಎಂದರೆ 60 ಸ್ವತಂತ್ರ ಅಳತೆಗಳಲ್ಲ. 40 ಜನರ ಎರಡೂ ಕಣ್ಣುಗಳನ್ನು 80 ಎಂದು ಎಣಿಸಿದರೆ ಫಲಿತಾಂಶ ಸುಳ್ಳು ನಿಖರತೆ ತೋರಿಸುತ್ತದೆ. ಒಬ್ಬ ರೋಗಿಯಿಂದ ಒಂದೇ ಕಣ್ಣು ತೆಗೆದುಕೊಳ್ಳಿ, ಇಲ್ಲವೇ ಜೋಡಿಯನ್ನು ಜೋಡಿಯಾಗಿಯೇ ಲೆಕ್ಕಿಸುವ ವಿಧಾನ ಬಳಸಿ.

ಹಂಚಿಕೆ: ಅಧ್ಯಯನದ ಬೆನ್ನೆಲುಬು

ಸೋಮವಾರ ಬಂದವರಿಗೆ ಹೊಸದು, ಮಂಗಳವಾರ ಬಂದವರಿಗೆ ಹಳೆಯದು. ಬೆಸ ನಂಬರಿನ ಚೀಟಿಯವರಿಗೆ ಒಂದು, ಸಮ ನಂಬರಿನವರಿಗೆ ಇನ್ನೊಂದು. ಇವು ಯಾದೃಚ್ಛಿಕ ಹಂಚಿಕೆಯಲ್ಲ. ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾರೆ ಎಂದು ಸೇರಿಸಿಕೊಳ್ಳುವವರಿಗೆ ಗೊತ್ತಾದ ಕ್ಷಣವೇ ಆಯ್ಕೆ ಒಳನುಸುಳುತ್ತದೆ. ತೀರಾ ಬಳಲಿದ ರೋಗಿಯನ್ನು "ಇವತ್ತು ಬೇಡ, ನಾಳೆ ಸೇರಿಸೋಣ" ಎನ್ನುವುದು ಕೆಟ್ಟ ಉದ್ದೇಶದಿಂದಲ್ಲ, ಕಾಳಜಿಯಿಂದ. ಆದರೆ ಕಾಳಜಿಯಿಂದಾದರೂ ಗುಂಪುಗಳು ಅಸಮವಾಗಿಯೇ ಆಗುತ್ತವೆ.

ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಟ್ರಯಲ್ 1948ರಲ್ಲಿ ಪ್ರಕಟವಾಯಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದರ ಹಂಚಿಕೆಯನ್ನು ಮುಚ್ಚಿದ ಲಕೋಟೆಗಳಲ್ಲಿ ಇರಿಸಿದ್ದು ಈ ಕಾರಣಕ್ಕೇ. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ, ಪಡೆಯದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡರು. ಬರೀ 107 ಜನರ ಅಧ್ಯಯನವನ್ನು ಇವತ್ತಿಗೂ ನಂಬುತ್ತೇವೆ ಎಂದರೆ ಅದರ ಹಂಚಿಕೆ ಅಷ್ಟು ಭದ್ರವಾಗಿತ್ತು.

ಮಾಡುವ ಕ್ರಮ ಹೀಗಿದೆ. ರೋಗಿಗಳನ್ನು ನೋಡದ ಒಬ್ಬ ವ್ಯಕ್ತಿ ಕಂಪ್ಯೂಟರಿನಲ್ಲಿ ಪಟ್ಟಿ ತಯಾರಿಸಲಿ. ಒಂದೊಂದಾಗಿ ನಾಣ್ಯ ಚಿಮ್ಮಿದಂತೆ ಹಂಚಿದರೆ 40 ಜನರಲ್ಲಿ 25–15 ಆಗುವುದು ಅಪರೂಪವೇನಲ್ಲ. ಹಾಗಾಗಿ ಸಣ್ಣ ಅಧ್ಯಯನದಲ್ಲಿ ಬ್ಲಾಕ್ ಬಳಸಿ, ಅಂದರೆ ರೋಗಿಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಎರಡೂ ಗುಂಪಿಗೆ ಸಮವಾಗಿ ಹಂಚಿ. ನಾಲ್ಕರ ಬ್ಲಾಕ್‌ನಲ್ಲಿ ಎರಡು 'ಎ', ಎರಡು 'ಬಿ' ಇರುತ್ತವೆ, ಅವನ್ನು ಆರು ಬಗೆಯಲ್ಲಿ ಜೋಡಿಸಬಹುದು. ಬ್ಲಾಕ್ ಎಲ್ಲವೂ ನಾಲ್ಕರದ್ದೇ ಆಗಿದ್ದು, ಚಿಕಿತ್ಸೆ ಎಲ್ಲರಿಗೂ ಕಾಣುವಂಥದ್ದಾದರೆ, ಮೂರು ರೋಗಿಗಳ ನಂತರ ನಾಲ್ಕನೆಯದು ಯಾವುದೆಂದು ವಾರ್ಡ್‌ನಲ್ಲಿ ಯಾರಾದರೂ ಹೇಳಬಲ್ಲರು. ಆದ್ದರಿಂದ 4 ಮತ್ತು 6ರ ಬ್ಲಾಕ್‌ಗಳನ್ನು ಬೆರೆಸಿ, ಅಳತೆಯನ್ನು ಯಾರಿಗೂ ಹೇಳಬೇಡಿ. ಪ್ರೋಟೊಕಾಲ್‌ನ (ಅಧ್ಯಯನದ ಲಿಖಿತ ಯೋಜನೆ) ಎಲ್ಲರೂ ಓದುವ ಪ್ರತಿಯಲ್ಲೂ ಅದು ಬೇಡ.

ಆನ್‌ಲೈನ್ ಹಂಚಿಕೆ ಸಿಕ್ಕರೆ ಒಳ್ಳೆಯದು. ಲಕೋಟೆಯಾದರೆ ಬೆಳಕಿಗೆ ಹಿಡಿದರೂ ಕಾಣದಂಥದ್ದು ಬೇಕು. ಒಳಗಿನ ಚೀಟಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಹೊರಗೆ ಕ್ರಮಸಂಖ್ಯೆ ಇರಲಿ. ರೋಗಿ ಸಮ್ಮತಿಸಿ, ಅರ್ಹತೆ ಖಚಿತವಾಗಿ, ಮೊದಲ ಅಳತೆಗಳು ಮುಗಿದ ಮೇಲೆ ಲಕೋಟೆಯ ಮೇಲೆ ರೋಗಿಯ ಕೋಡ್, ದಿನಾಂಕ, ಸಮಯ ಬರೆದು ಸಹಿ ಮಾಡಿ, ಆಮೇಲೆ ಒಡೆಯಿರಿ. ಒಳಗೆ ಕಾರ್ಬನ್ ಹಾಳೆ ಇಟ್ಟರೆ ಆ ಬರಹ ಚೀಟಿಯ ಮೇಲೂ ಮೂಡುತ್ತದೆ, ಲಕೋಟೆ ಬದಲಿಸಿದರೆ ಗೊತ್ತಾಗುತ್ತದೆ. ಒಡೆದ ಲಕೋಟೆಗಳನ್ನು ಎಸೆಯಬೇಡಿ. ಒಮ್ಮೆ ಹಂಚಿದ ರೋಗಿ ಮನಸ್ಸು ಬದಲಿಸಿದರೂ ಆ ಸಂಖ್ಯೆ ಅವರದ್ದೇ, ಮುಂದಿನವರಿಗೆ ಕೊಡುವಂತಿಲ್ಲ.

ಯಾರಿಂದ ಏನನ್ನು ಮುಚ್ಚಿಡಬೇಕು

ಮಾತ್ರೆಯ ಟ್ರಯಲ್‌ನಲ್ಲಿ ರೋಗಿ, ವೈದ್ಯ, ಅಳೆಯುವವರು ಮೂವರಿಗೂ ಗುಂಪು ತಿಳಿಯದಂತೆ ಮಾಡಬಹುದು. ಆಕಾರ, ಬಣ್ಣ, ರುಚಿ ಮೂರೂ ಒಂದೇ ಇರಬೇಕು. ರುಚಿಯನ್ನು ಮರೆಯುವವರೇ ಹೆಚ್ಚು. ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್‌ಗೆ ಮುಚ್ಚಿಡಲಾಗದು. ಹಾಗೆಂದು ಪೂರ್ತಿ ಕೈಬಿಡಬೇಕಿಲ್ಲ. 2002ರಲ್ಲಿ ಪ್ರಕಟವಾದ 180 ಮಂದಿಯ ಟ್ರಯಲ್ ಒಂದರಲ್ಲಿ ಮೊಣಕಾಲು ಸವೆದ ಕೆಲವು ರೋಗಿಗಳಿಗೆ ಆರ್ತ್ರೊಸ್ಕೊಪಿ (ಸಣ್ಣ ರಂಧ್ರದ ಮೂಲಕ ಕೀಲಿನೊಳಗೆ ಮಾಡುವ ಶಸ್ತ್ರಚಿಕಿತ್ಸೆ) ಮಾಡಿದರು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ಯಾರಿಗೆ ಯಾವುದಾಯಿತು ಎಂದು ರೋಗಿಗಳಿಗೂ ತಿಳಿಯದು, ಅಳೆದವರಿಗೂ ತಿಳಿಯದು. ಎರಡು ವರ್ಷದ ನಂತರ ನೋವಿನಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಸರಿಯಾದ ಹೋಲಿಕೆ ಇಲ್ಲದಿದ್ದರೆ ಆ ಶಸ್ತ್ರಚಿಕಿತ್ಸೆಯ ಕೀರ್ತಿ ಹಾಗೆಯೇ ಉಳಿಯುತ್ತಿತ್ತು. ಇಂಥ ನಕಲಿ ಶಸ್ತ್ರಚಿಕಿತ್ಸೆಗೆ ಎಥಿಕ್ಸ್ ಕಮಿಟಿಯ (ರೋಗಿಗಳ ಹಿತ ನೋಡಿ ಅಧ್ಯಯನಕ್ಕೆ ಅನುಮತಿ ಕೊಡುವ ಸಮಿತಿ) ಬಹಳ ಬಿಗಿಯಾದ ಪರಿಶೀಲನೆ ಬೇಕು, ರೋಗಿಗೆ ಆ ಸಾಧ್ಯತೆಯನ್ನು ಬಿಡಿಸಿ ಹೇಳಿರಬೇಕು.

ಫಿಸಿಯೋಥೆರಪಿ, ಮನೋವೈದ್ಯಕೀಯ, ನರ್ಸಿಂಗ್ ಅಧ್ಯಯನಗಳಲ್ಲಿ ಕನಿಷ್ಠ ಅಳೆಯುವವರಿಗೆ ಗುಂಪು ತಿಳಿಯಬಾರದು. ಚಿಕಿತ್ಸೆ ಕೊಡುವವರು ಒಬ್ಬರು, ಅಂಕ ಹಾಕುವವರು ಇನ್ನೊಬ್ಬರು. "ನಿಮಗೆ ಯಾವ ಚಿಕಿತ್ಸೆ ಸಿಕ್ಕಿತೆಂದು ಪರೀಕ್ಷಕರಿಗೆ ಹೇಳಬೇಡಿ" ಎಂದು ರೋಗಿಗೆ ಪ್ರತಿ ಭೇಟಿಯಲ್ಲೂ ನೆನಪಿಸಿ. ಗಾಯ ನೋಡುವುದಿದ್ದರೆ ಫೋಟೋ ತೆಗೆದು, ಗುಂಪಿನ ಗುರುತಿಲ್ಲದೆ ಬೇರೆಯವರಿಂದ ಅಂಕ ಹಾಕಿಸಿ.

ಅಳತೆ

ರಕ್ತದೊತ್ತಡದಂಥ ಸರಳ ಅಳತೆಯೇ ಅಧ್ಯಯನವನ್ನು ಮುಳುಗಿಸಬಲ್ಲದು. ರೋಗಿ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತಿರಬೇಕು, ಪಾದ ನೆಲದ ಮೇಲಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಪಟ್ಟಿ ತೋಳಿನ ಸುತ್ತಳತೆಗೆ ತಕ್ಕದ್ದಾಗಿರಬೇಕು. ಸಣ್ಣ ಪಟ್ಟಿ ಕಟ್ಟಿದರೆ ಒತ್ತಡ ಹೆಚ್ಚು ತೋರಿಸುತ್ತದೆ. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಉಪಕರಣದ ಪಕ್ಕದಲ್ಲೇ ಅಂಟಿಸಿ. ಮೊದಲ ಐವತ್ತು ದಾಖಲೆ ಬಂದ ಮೇಲೆ ಕೊನೆಯ ಅಂಕಿಗಳನ್ನು ಎಣಿಸಿ. ಡಿಜಿಟಲ್ ಯಂತ್ರದಲ್ಲಿ ಸೊನ್ನೆ ಸುಮಾರು ಹತ್ತರಲ್ಲಿ ಒಂದು ಸಲ ಬರಬೇಕು. ಅರ್ಧಕ್ಕರ್ಧ ಅಳತೆ ಸೊನ್ನೆಯಲ್ಲೇ ಮುಗಿದಿದ್ದರೆ ಯಾರೋ ಅಂದಾಜಿಗೆ ಬರೆಯುತ್ತಿದ್ದಾರೆ.

ಒಬ್ಬರಿಗಿಂತ ಹೆಚ್ಚು ಮಂದಿ ಅಳೆಯುವುದಿದ್ದರೆ 15–20 ರೋಗಿಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಅಳೆದು ಎಷ್ಟು ಹೊಂದುತ್ತದೆ ನೋಡಿ. ಖಿನ್ನತೆಯ ಅಂಕಪಟ್ಟಿ, ಎಕ್ಸ್‌ರೇಯ ಶ್ರೇಣಿ, ಒಸಡಿನ ಆಳ, ಕೀಲಿನ ಕೋನ ಎಲ್ಲದಕ್ಕೂ ಇದು ಅನ್ವಯ. ಪ್ರಶ್ನಾವಳಿ ಬೇರೆ ಭಾಷೆಯದ್ದಾದರೆ ನೀವೇ ಅನುವಾದಿಸಿ ಬಳಸಬೇಡಿ. ನಿಮ್ಮ ಭಾಷೆಯಲ್ಲಿ ಪರೀಕ್ಷಿಸಿ ಒಪ್ಪಿದ ರೂಪ ಇದೆಯೇ ಹುಡುಕಿ, ಹಕ್ಕುಸ್ವಾಮ್ಯದ ಅನುಮತಿ ಪಡೆಯಿರಿ.

ಹೋಲಿಕೆಯ ಗುಂಪಿಲ್ಲದೆ "ಮೊದಲು-ಆಮೇಲೆ" ಅಳೆದು ಗೆಲುವು ಸಾರುವವರಿಗೆ ಒಂದು ಮಾತು. ಒಂದೇ ಸಲ ಅಳೆದು ಒತ್ತಡ ಹೆಚ್ಚಿದ್ದವರನ್ನಷ್ಟೇ ಆರಿಸಿಕೊಂಡರೆ, ಎರಡನೇ ಸಲ ಅಳೆದಾಗ ಚಿಕಿತ್ಸೆ ಇಲ್ಲದೆಯೂ ಸರಾಸರಿ ಇಳಿಯುತ್ತದೆ. ಆ ದಿನ ಆಕಸ್ಮಿಕವಾಗಿ ಏರಿದ್ದವರೂ ಆಯ್ಕೆಯಲ್ಲಿ ಸೇರಿರುತ್ತಾರೆ. ನೋವು, ಆತಂಕ, ಚರ್ಮದ ಕೆರೆತ ಎಲ್ಲದರಲ್ಲೂ ಹೀಗೇ. ಜನ ಕಷ್ಟ ಅತಿಯಾದಾಗಲೇ ವೈದ್ಯರ ಬಳಿ ಬರುವುದು.

ಅನುಮತಿ, ನೋಂದಣಿ, ಸಮ್ಮತಿ

ಪ್ರೋಟೊಕಾಲ್ ಬರೆದು ಎಥಿಕ್ಸ್ ಕಮಿಟಿಗೆ ಕೊಡಿ. ಲಿಖಿತ ಒಪ್ಪಿಗೆ ಬರುವವರೆಗೆ ಒಬ್ಬ ರೋಗಿಯನ್ನೂ ಮುಟ್ಟುವಂತಿಲ್ಲ. ಹಳೆಯ ಕೇಸ್ ಶೀಟ್‌ಗಳಿಂದ ಮಾಹಿತಿ ತೆಗೆಯುವುದಕ್ಕೂ ಕಮಿಟಿಯನ್ನು ಕೇಳಿ. ಅದು ವಿನಾಯಿತಿ ಕೊಡಬಹುದು, ಆದರೆ ವಿನಾಯಿತಿಯನ್ನು ನೀವೇ ಕೊಟ್ಟುಕೊಳ್ಳಲಾಗದು.

ಟ್ರಯಲ್ ಆದರೆ ಮೊದಲ ರೋಗಿ ಸೇರುವ ಮುನ್ನ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಿ. ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ 2005ರ ಜುಲೈಯಿಂದ ಶುರುವಾದ ಟ್ರಯಲ್‌ಗಳಿಗೆ ಇದನ್ನು ಪ್ರಕಟಣೆಯ ಷರತ್ತಾಗಿಸಿದೆ. ಆರು ತಿಂಗಳು ತಡವಾಗಿ ನೋಂದಾಯಿಸಿ, ಆಮೇಲೆ ಲೇಖನ ತಿರಸ್ಕೃತವಾದಾಗ ಪರಿತಪಿಸುವವರು ಬಹಳ. ತಡವಾದದ್ದನ್ನು ಸರಿಪಡಿಸುವ ದಾರಿ ಇಲ್ಲ.

ಸಮ್ಮತಿ ಪತ್ರ ರೋಗಿ ಮನೆಯಲ್ಲಿ ಮಾತಾಡುವ ಭಾಷೆಯಲ್ಲಿರಲಿ. "ಯಾದೃಚ್ಛಿಕ" ಎಂಬ ಪದದ ಬದಲು "ಯಾವ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ, ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ" ಎಂದು ಬರೆಯಿರಿ. ಓದಿ ಹೇಳಿದ ಮೇಲೆ "ಅರ್ಥವಾಯಿತೇ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಬದಲಿಗೆ "ಇದರಲ್ಲಿ ಸೇರಿದರೆ ನಿಮಗೆ ಏನೇನು ಆಗುತ್ತದೆ, ನೀವೇ ಹೇಳಿ ನೋಡೋಣ" ಎನ್ನಿ. ಓದು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಕೂತಿದ್ದು ಸಹಿ ಮಾಡಬೇಕು. ಮಕ್ಕಳಾದರೆ ಪೋಷಕರ ಸಮ್ಮತಿಯ ಜೊತೆಗೆ ಅರ್ಥವಾಗುವ ವಯಸ್ಸಿನ ಮಗುವಿನ ಒಪ್ಪಿಗೆಯನ್ನೂ ಕೇಳಿ. ಚಿಕಿತ್ಸೆ ಕೊಡುವ ವೈದ್ಯರೇ ಸಮ್ಮತಿ ಕೇಳಿದರೆ ಬೇಡ ಎನ್ನಲು ರೋಗಿಗೆ ಸಂಕೋಚ. ಸಾಧ್ಯವಾದಲ್ಲೆಲ್ಲ ಬೇರೆಯವರಿಂದ ಕೇಳಿಸಿ. ಸಮ್ಮತಿ ಪತ್ರದ ಒಂದು ಪ್ರತಿಯನ್ನು ರೋಗಿಯ ಕೈಗೆ ಕೊಡಿ.

ನಡೆಸುವಾಗ

ಐದಾರು ರೋಗಿಗಳ ಮೇಲೆ ಫಾರ್ಮ್‌ಗಳನ್ನು ಪ್ರಯೋಗಿಸಿ. ಎರಡು ಸಲ ಕೇಳಿದ ಪ್ರಶ್ನೆ, ಉತ್ತರಕ್ಕೆ ಜಾಗವಿಲ್ಲದ ಚೌಕ, ಯಾರೂ ತುಂಬದ ಕಾಲಂ ಎಲ್ಲವೂ ಆಗ ಕಾಣುತ್ತವೆ. ಸೇರ್ಪಡೆಯ ವೇಗವೂ ತಿಳಿಯುತ್ತದೆ. ಅರ್ಹರು ತಿಂಗಳಿಗೆ ಇಪ್ಪತ್ತು ಸಿಗುತ್ತಾರೆಂದು ವಿಭಾಗದವರು ಹೇಳಿದರೆ ಹತ್ತು ಎಂದು ಲೆಕ್ಕ ಹಾಕಿ ಯೋಜಿಸಿ. ನೋಡಿದವರು ಎಷ್ಟು, ಅರ್ಹರು ಎಷ್ಟು, ಬೇಡ ಎಂದವರು ಎಷ್ಟು ಎಂಬ ರಿಜಿಸ್ಟರ್ ಮೊದಲ ದಿನದಿಂದಲೇ ಇರಲಿ. ಕೊನೆಯಲ್ಲಿ ನೆನಪಿನಿಂದ ಬರೆಯಲಾಗದು.

ಸಾವು, ಪ್ರಾಣಾಪಾಯ, ಆಸ್ಪತ್ರೆ ಸೇರುವಂತಾಗುವುದು ಅಥವಾ ಅಲ್ಲಿನ ವಾಸ ಉದ್ದವಾಗುವುದು, ಶಾಶ್ವತ ಊನ, ಹುಟ್ಟುವ ಮಗುವಿನ ದೋಷ ಇವು ಗಂಭೀರ ಘಟನೆಗಳು. ಔಷಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಿಮಗೆ ಅನ್ನಿಸಿದರೂ ವರದಿ ಮಾಡಿ, ಸಾಮಾನ್ಯ ರೂಢಿ 24 ಗಂಟೆಯೊಳಗೆ. ಇನ್ನು "100 ಜನರಲ್ಲಿ ಒಬ್ಬರಿಗೂ ತೊಂದರೆಯಾಗಲಿಲ್ಲ, ಆದ್ದರಿಂದ ಸುರಕ್ಷಿತ" ಎಂದು ಬರೆಯಬೇಡಿ. 3ನ್ನು ಜನರ ಸಂಖ್ಯೆಯಿಂದ ಭಾಗಿಸಿ: 100ರಲ್ಲಿ ಸೊನ್ನೆ ಕಂಡರೂ ನಿಜವಾದ ಅಪಾಯ ಶೇ. 3ರವರೆಗೆ ಇರಬಹುದು.

ಮಾಹಿತಿ ತುಂಬುವಾಗ ಒಂದು ಸಾಲಿಗೆ ಒಂದು ಭೇಟಿ, ಒಂದು ಕಾಲಂಗೆ ಒಂದೇ ಅಂಶ. "120/80" ಎಂದು ಒಂದೇ ಚೌಕದಲ್ಲಿ ಬರೆಯಬೇಡಿ, ಎರಡು ಕಾಲಂ ಮಾಡಿ. ಬಣ್ಣ ಬಳಿದು ಅರ್ಥ ಸೂಚಿಸಬೇಡಿ, ವಿಶ್ಲೇಷಣೆಯ ಸಾಫ್ಟ್‌ವೇರ್ ಬಣ್ಣ ಓದುವುದಿಲ್ಲ. 03/04 ಎಂಬುದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ. ಮಾಡದ ಪರೀಕ್ಷೆಗೆ ಸೊನ್ನೆ ಹಾಕಬೇಡಿ. ಸೊನ್ನೆ ನೋವು ಬೇರೆ, ನೋವು ಕೇಳದಿರುವುದು ಬೇರೆ. ಹೆಸರು ಮತ್ತು ಕೋಡ್ ಹೊಂದಿಸುವ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ. ಕಾಗದದ ಮೇಲಿನ ತಪ್ಪನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ಸರಿ ಬರೆದು, ಸಹಿ ಮತ್ತು ದಿನಾಂಕ ಹಾಕಿ. ವೈಟ್‌ನರ್ ಬೇಡವೇ ಬೇಡ.

ಲೆಕ್ಕ

ಹಂಚಿದ ಗುಂಪಿನಲ್ಲೇ ಲೆಕ್ಕಿಸಿ, ರೋಗಿ ಮಾತ್ರೆ ನುಂಗಿದರೂ ಸರಿ, ನುಂಗದಿದ್ದರೂ ಸರಿ. "ಮಾತ್ರೆ ತೆಗೆದುಕೊಳ್ಳದವರನ್ನು ಸೇರಿಸಿ ಏನು ಪ್ರಯೋಜನ?" ಎಂಬ ಪ್ರಶ್ನೆಗೆ 1980ರಲ್ಲಿ ಪ್ರಕಟವಾದ, ಕೊರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ಹೃದ್ರೋಗ ಟ್ರಯಲ್‌ನ ಅಂಕಿಗಳೇ ಉತ್ತರ. ಕೊಲೆಸ್ಟರಾಲ್ ಇಳಿಸುವ ಕ್ಲೋಫೈಬ್ರೇಟ್ ಔಷಧದ ಗುಂಪಿನಲ್ಲಿ ಮಾತ್ರೆಯನ್ನು ನಿಷ್ಠೆಯಿಂದ ತೆಗೆದುಕೊಂಡವರಲ್ಲಿ ಐದು ವರ್ಷದ ಸಾವು ಶೇ. 15.0, ಸರಿಯಾಗಿ ತೆಗೆದುಕೊಳ್ಳದವರಲ್ಲಿ ಶೇ. 24.6. ಔಷಧ ಗೆದ್ದಿತು ಎನ್ನಿಸುತ್ತದೆ. ಪ್ಲಸಿಬೊ ಗುಂಪನ್ನು ನೋಡಿ: ನಿಷ್ಠೆಯಿಂದ ತೆಗೆದುಕೊಂಡವರಲ್ಲಿ ಶೇ. 15.1, ಇಲ್ಲದವರಲ್ಲಿ ಶೇ. 28.3. ಸಪ್ಪೆ ಮಾತ್ರೆಯನ್ನು ತಪ್ಪದೆ ನುಂಗಿದವರೂ ಹೆಚ್ಚು ಬದುಕಿದರು. ಹೇಳಿದಂತೆ ಮಾತ್ರೆ ನುಂಗುವವರು ಬೇರೆ ಎಷ್ಟೋ ವಿಧದಲ್ಲಿ ಭಿನ್ನರು. ಅವರನ್ನು ಮಾತ್ರ ಆರಿಸಿದರೆ ಹಂಚಿಕೆಯ ಸಮತೋಲನವೇ ಹೋಯಿತು.

ಗುಂಪುಗಳನ್ನು ನೇರವಾಗಿ ಹೋಲಿಸಿ. "ಎ ಗುಂಪಿನಲ್ಲಿ ಮೊದಲಿಗಿಂತ ಗಣನೀಯ ಇಳಿಕೆ, ಬಿ ಗುಂಪಿನಲ್ಲಿ ಇಲ್ಲ, ಆದ್ದರಿಂದ ಎ ಉತ್ತಮ" ಎಂಬ ವಾದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ, ಅದು ತಪ್ಪು. ಪಿ ಮೌಲ್ಯವೊಂದನ್ನೇ (ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಕೊಟ್ಟು ನಿಲ್ಲಿಸಬೇಡಿ. ಮೇಲಿನ ಸೋಂಕಿನ ಉದಾಹರಣೆಯಲ್ಲಿ 196ರಲ್ಲಿ 39 ಮಂದಿಗೆ, ಇನ್ನೊಂದು ಗುಂಪಿನ 196ರಲ್ಲಿ 22 ಮಂದಿಗೆ ಸೋಂಕಾಯಿತು ಎಂದುಕೊಳ್ಳಿ. ವ್ಯತ್ಯಾಸ ನೂರಕ್ಕೆ 8.7, ಅದರ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, 1.5ರಿಂದ 15.8. ಒಂದು ಸೋಂಕು ತಪ್ಪಿಸಲು ಸುಮಾರು 12 ಜನರಿಗೆ ಚಿಕಿತ್ಸೆ ಬೇಕು. ಇಂಟರ್ವಲ್‌ನ ಎರಡೂ ತುದಿ ನೋಡಿದರೆ ಓದುಗರಿಗೆ ಎಷ್ಟು ಭರವಸೆ ಇಡಬಹುದೆಂದು ತಾನಾಗಿ ತಿಳಿಯುತ್ತದೆ.

ಉಪಗುಂಪುಗಳ ಬಗ್ಗೆ ಬಿಗಿಯಾಗಿರಿ. ನಿಜಕ್ಕೂ ಏನೂ ಪರಿಣಾಮವಿಲ್ಲದ ಕಡೆ ಇಪ್ಪತ್ತು ಸ್ವತಂತ್ರ ಹೋಲಿಕೆ ಮಾಡಿದರೆ ಕನಿಷ್ಠ ಒಂದು ಸುಳ್ಳು ವ್ಯತ್ಯಾಸ ಸಿಗುವ ಸಾಧ್ಯತೆ ಶೇ. 64. ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆಂದು ತೋರಿಸಿದ 17,187 ಮಂದಿಯ ಐಸಿಸ್-2 ಟ್ರಯಲ್‌ನವರು 1988ರ ವರದಿಯಲ್ಲಿ ರೋಗಿಗಳನ್ನು ಜನ್ಮರಾಶಿಯಂತೆ ವಿಂಗಡಿಸಿ ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಉಪಯೋಗವೇ ಇಲ್ಲವೆಂಬಂತೆ ಅಂಕಿ ಬಂತು. ಚೂರು ಮಾಡುತ್ತ ಹೋದರೆ ಏನು ಬೇಕಾದರೂ ಕಾಣುತ್ತದೆ ಎಂದು ಎಚ್ಚರಿಸಲೆಂದೇ ಅವರು ಹಾಗೆ ಮಾಡಿದ್ದು. ಮೊದಲೇ ಬರೆದಿಡದ ಉಪಗುಂಪು ಮುಂದಿನ ಅಧ್ಯಯನಕ್ಕೆ ಸುಳಿವು ಮಾತ್ರ.

ವರದಿ

ಟ್ರಯಲ್ ಆದರೆ ಕಾನ್ಸರ್ಟ್, ವೀಕ್ಷಣಾ ಅಧ್ಯಯನವಾದರೆ ಸ್ಟ್ರೋಬ್, ರೋಗಪತ್ತೆ ಪರೀಕ್ಷೆಯಾದರೆ ಸ್ಟಾರ್ಡ್ ಎಂಬ ಪರಿಶೀಲನಾ ಪಟ್ಟಿಗಳಿವೆ. ಇವನ್ನು ಲೇಖನ ಬರೆಯುವಾಗ ತೆರೆಯುವುದಲ್ಲ, ಪ್ರೋಟೊಕಾಲ್ ಬರೆಯುವಾಗಲೇ ಎದುರಿಗಿಟ್ಟುಕೊಳ್ಳಿ. ಸೇರಿದವರು, ಬಿಟ್ಟುಹೋದವರು, ಕಾರಣ ಎಲ್ಲವೂ ಒಂದು ನಕ್ಷೆಯಲ್ಲಿ ಬರಲಿ. ನೋಂದಣಿಯಲ್ಲಿ ಬರೆದ ಮುಖ್ಯ ಫಲಿತಾಂಶವನ್ನೇ ಮೊದಲು ಹೇಳಿ, ಅದು ನಿರಾಸೆ ತಂದಿದ್ದರೂ. ಬದಲಾವಣೆ ಮಾಡಿದ್ದರೆ ಯಾವಾಗ, ಏಕೆ ಎಂದು ಬರೆಯಿರಿ.

ವ್ಯತ್ಯಾಸ ಕಾಣದ ಅಧ್ಯಯನವನ್ನೂ ಪ್ರಕಟಿಸಿ. ಗೆದ್ದವು ಮಾತ್ರ ಹೊರಬಂದರೆ ಮುಂದೆ ಎಲ್ಲವನ್ನೂ ಒಟ್ಟುಗೂಡಿಸಿ ನೋಡುವವರಿಗೆ ಚಿಕಿತ್ಸೆ ನಿಜಕ್ಕಿಂತ ಬಲವಾಗಿ ಕಾಣುತ್ತದೆ, ಅದರ ಹೊರೆ ಬೀಳುವುದು ರೋಗಿಗಳ ಮೇಲೆ. ಪತ್ರಿಕೆ ಒಪ್ಪದಿದ್ದರೆ ನೋಂದಣಿಯ ಪುಟದಲ್ಲೇ ಫಲಿತಾಂಶ ಹಾಕಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಭಾಗವಹಿಸಿದವರಿಗೆ ಅವರ ಭಾಷೆಯಲ್ಲಿ ಒಂದು ಪುಟದ ಪತ್ರ ಕಳಿಸಿ: ಏನು ಕೇಳಿದೆವು, ಏನು ಸಿಕ್ಕಿತು, ಅವರು ಯಾವ ಗುಂಪಿನಲ್ಲಿದ್ದರು, ಈಗ ಚಿಕಿತ್ಸೆ ಮುಂದುವರಿಸಬೇಕೆ, ಅನುಮಾನವಿದ್ದರೆ ಯಾರನ್ನು ಕೇಳಬೇಕು. ಈ ಪತ್ರದ ಕರಡನ್ನೂ ಪ್ರೋಟೊಕಾಲ್ ಜೊತೆಗೇ ಎಥಿಕ್ಸ್ ಕಮಿಟಿಗೆ ಸಲ್ಲಿಸಿ. ಅಧ್ಯಯನ ಮುಗಿದ ಮೇಲೆ ಬರೆಯೋಣ ಎಂದು ಬಿಟ್ಟರೆ ಅಷ್ಟರಲ್ಲಿ ತಂಡದವರು ಚದುರಿರುತ್ತಾರೆ, ವಿಳಾಸಗಳೂ ಬದಲಾಗಿರುತ್ತವೆ.